ವಾಗ್ಗೇಯಕಾರನೂ ಭಾಗವತನೂ

ಪದವನ್ನು ಕಟ್ಟಿದವನು ಒಬ್ಬನು; ಅದನ್ನು ಹಾಡುವವನು ಇನ್ನೊಬ್ಬನು; ಆ ಪದದೊಳಗೆ ‘ನಾನು’ ಎಂದು ಹೇಳಿಕೊಳ್ಳುವವನು ಇವರಿಬ್ಬರೂ ಅಲ್ಲದ ಮೂರನೆಯವನು, ಎಂದರೆ ರಾಮನೋ ವಾಲಿಯೋ ರಾವಣನೋ ಆಗಿರುವನು. ಹೀಗಿರುವಲ್ಲಿ ಹಾಡುವವನ ಅಂತರಂಗಕ್ಕೆ ಆ ಹಾಡಿನಲ್ಲಿ ಎಡೆಯುಂಟೆ? ಉಂಟೆಂದಾದರೆ ಅದು ಯಾವ ಭಾಗದಲ್ಲಿ ನೆಲಸಿದೆ? ತೆಂಕುತಿಟ್ಟಿನ ಯಕ್ಷಗಾನವನ್ನು ಸಾಹಿತ್ಯದೃಷ್ಟಿಯಿಂದ ವಿಚಾರಿಸಿದವರು ಈ ಪ್ರಶ್ನೆಯನ್ನು ಎತ್ತುವುದು ವಿರಳ. ಪ್ರಸಂಗದ ಕರ್ತೃ ಯಾರು, ಅವನ ಕಾಲ ಯಾವುದು, ಪಾಠಗಳಲ್ಲಿ ಶುದ್ಧವಾದುದು ಯಾವುದು ಎಂಬ ವಿಚಾರಗಳಲ್ಲಿಯೇ ಅವರ ಶ್ರಮವು ಬಹುಮಟ್ಟಿಗೆ ವಿನಿಯುಕ್ತವಾಗಿದೆ. ಅದು ಅವಶ್ಯವಾದ ಶ್ರಮವೇ ಸರಿ. ಆದರೆ ಪ್ರಸಂಗವು ಓದುವುದಕ್ಕಾಗಿ ಹುಟ್ಟಿದ ಕೃತಿಯಲ್ಲ, ಹಾಡುವುದಕ್ಕಾಗಿ ಹುಟ್ಟಿದುದು. ಆದುದರಿಂದ ಹಾಡುವವನಿಗೆ ಅದರಲ್ಲಿ ಎಷ್ಟು ಪಾಲು ಸಲ್ಲಬೇಕೆಂಬುದನ್ನು ನಿರ್ಣಯಿಸದೆ ಪ್ರಸಂಗದ ಕರ್ತೃತ್ವವಿಚಾರವು ಪೂರ್ಣವಾಗಲಾರದು.

ಈ ವಿಚಾರಕ್ಕೆ ಸವಣೂರಿನ ಸುತ್ತಣ ಸೀಮೆಯು ತಕ್ಕ ಕ್ಷೇತ್ರವಾಗಿದೆ. ಇಲ್ಲಿ ಹೇಳುವ ಸವಣೂರು ಹಾವೇರಿ ಜಿಲ್ಲೆಯ ನವಾಬರ ಸವಣೂರಲ್ಲ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ಪೇಟೆಗಳಿಗೂ ಬಳಕೆಯಿರುವ ಗ್ರಾಮ. ಈ ಸೀಮೆಯಲ್ಲಿ ಬಹುಮಂದಿಯ ಮನೆಮಾತು ತುಳು, ಕೆಲವರದು ಅರೆಗನ್ನಡ, ಕೆಲವರದು ಹವ್ಯಕಗನ್ನಡ. ಆದರೂ ಆಟದ ರಂಗಸ್ಥಳದಲ್ಲಿಯೂ ತಾಳಮದ್ದಳೆಯ ಕೂಟದಲ್ಲಿಯೂ ಬಹುಕಾಲದಿಂದ ಕೇಳಿಬರುತ್ತಿರುವ ಪದಗಳು ಗ್ರಂಥಸ್ಥವಾದ ಕನ್ನಡದವು. ಪತ್ತನಾಜೆಗೆ ಮೇಳಗಳು ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚಿದ ಬಳಿಕ, ಮಳೆಗಾಲದಲ್ಲಿ, ಮನೆಯ ಚಾವಡಿಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ತಾಳಮದ್ದಳೆ ನಡೆಯುವುದುಂಟು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನ ಪದ, ಚೆಂಡೆ ಮದ್ದಳೆಗಳ ನುಡಿ, ಅರ್ಥಧಾರಿಯ ಮಾತು ಇವಿಷ್ಟೇ. ಮನೆಯಲ್ಲಿ ತಾನಾಡದ ನುಡಿಯಲ್ಲಿ, ತಾನು ಕಟ್ಟದ ಪದವನ್ನು, ತಾನಲ್ಲದ ಪಾತ್ರದ ಪರವಾಗಿ ಹಾಡುವ ಇಂತಹ ಭಾಗವತನಿಗೆ ‘ತನ್ನದು’ ಎಂದು ಹೇಳಿಕೊಳ್ಳತಕ್ಕುದು ಏನಿದೆ ಎಂದು ಹೊರಗಿನವನು ಕೇಳಿದರೆ ತಪ್ಪಲ್ಲ.

ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ಕ್ಕೆ, ಹದಿನೈದನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಕಲ್ಲಿನಾಥನು ವ್ಯಾಖ್ಯಾನವನ್ನು ಬರೆದನು. ಆದುದರಿಂದ ಈ ಗ್ರಂಥವು ಕನ್ನಡನಾಡಿನ ವಿದ್ಯಾಪರಂಪರೆಗೆ ಹೊರಗಿನದಲ್ಲ. ಅದರಲ್ಲಿ ಗೀತದ ಶಬ್ದಭಾಗಕ್ಕೆ ‘ಮಾತು’ ಎಂದೂ ಸ್ವರಭಾಗಕ್ಕೆ ‘ಧಾತು’ ಎಂದೂ ಸಂಜ್ಞೆ. ಎರಡನ್ನೂ ಸಮರ್ಥವಾಗಿ ರಚಿಸಬಲ್ಲವನು ಉತ್ತಮ ವಾಗ್ಗೇಯಕಾರನು. ಧಾತುವಿನಲ್ಲಿ ಪ್ರೌಢನಾಗಿ ಮಾತಿನಲ್ಲಿ ಮಂದನಾದವನು ಮಧ್ಯಮನು. ಮಾತಿನಲ್ಲಿ ಸಮರ್ಥನಾಗಿ ಧಾತುವಿನಲ್ಲಿ ಮಂದನಾದವನು ಅಧಮನು. ಮತ್ತೊಬ್ಬನ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನಿಗೆ ‘ಕುಟ್ಟಿಕಾರ’ನೆಂದು ಹೆಸರು. ಇದರಲ್ಲಿ ಸಾಹಿತ್ಯಜ್ಞರು ಲಕ್ಷ್ಯವಿಡಬೇಕಾದ ಅಂಶವೊಂದಿದೆ: ಗೀತದ ವಿಷಯದಲ್ಲಿ ಶಾಸ್ತ್ರಕಾರನು ಪ್ರಾಧಾನ್ಯವನ್ನು ಕೊಟ್ಟುದು ಮಾತಿಗಲ್ಲ, ಧಾತುವಿಗೆ.

ಈ ಲಕ್ಷಣಗಳನ್ನು ಯಕ್ಷಗಾನಕ್ಕೆ ಅನ್ವಯಿಸಿ ನೋಡಿದರೆ ಫಲವು ಕುತೂಹಲಕರವಾಗಿದೆ. ಪ್ರಸಂಗಕವಿಗಳು ಬಹುಮಟ್ಟಿಗೆ ಮೊದಲೇ ಬಳಕೆಯಲ್ಲಿದ್ದ ಮಟ್ಟುಗಳಿಗೆ ಪದಗಳನ್ನು ಹೊಂದಿಸಿದವರು. ಎಂದರೆ ಶಾಸ್ತ್ರದ ಮಾತಿನಲ್ಲಿ ಕುಟ್ಟಿಕಾರರು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ಪಂಚವಟಿ, ವಾಲಿಸುಗ್ರೀವರ ಕಾಳಗ, ಅಂಗದಸಂಧಾನ ಮೊದಲಾದ ರಾಮಾಯಣಪ್ರಸಂಗಗಳು ಈ ಸೀಮೆಯ ಭಾಗವತರಿಗೆ ನಿತ್ಯಪಾಠ. ಇವುಗಳ ಕರ್ತೃತ್ವವನ್ನು ಮುಳಿಯ ತಿಮ್ಮಪ್ಪಯ್ಯನವರು ೧೯೪೫ರ ‘ಪಾರ್ತಿಸುಬ್ಬ’ ಎಂಬ ಗ್ರಂಥದಲ್ಲಿ ಕುಂಬಳೆಯ ಕವಿಗೇ ಸಲ್ಲಿಸಿದರು. ಶಿವರಾಮ ಕಾರಂತರು ಅದನ್ನು ಒಪ್ಪಲಿಲ್ಲ. ವಾದವು ದೀರ್ಘಕಾಲ ನಡೆಯಿತು. ಅದರ ವಿಷಯವೆಲ್ಲ ಮಾತಿನ ಕರ್ತೃವಿಗೆ ಸಂಬಂಧಿಸಿದುದು. ಆ ಪದಗಳ ಧಾತು ಯಾರದು ಎಂಬ ವಾದವು ಆ ಪ್ರಮಾಣದಲ್ಲಿ ನಡೆಯಲೇ ಇಲ್ಲ. ಮಾತು ಬದಲಾದರೂ ಧಾತು ನಿಲ್ಲುವುದೆಂಬುದಕ್ಕೆ ನಿದರ್ಶನವೂ ಸಮೀಪದಲ್ಲಿಯೇ ಇದೆ. ಬಾಯಾರಿನ ಸಂಕಯ್ಯ ಭಾಗವತರು ಪಂಚವಟಿಯ ಪ್ರಸಂಗವನ್ನು ತುಳುವಿಗೆ ತಂದರು. ಅದು ೧೮೮೭ರಲ್ಲಿ ಅಚ್ಚಾಯಿತು. ನುಡಿ ಬೇರೆಯಾಯಿತು, ಭಾಗವತನು ಹಾಡಬಲ್ಲ ಮಟ್ಟುಗಳು ಉಳಿದುವು.

ಹಾಗಾದರೆ ಪ್ರಸಂಗದ ಪುಸ್ತಕದಲ್ಲಿ ಧಾತುವಿನ ವಿಷಯವಾಗಿ ಇರುವುದೇನು? ಪದದ ತಲೆಯಲ್ಲಿ ರಾಗದ ಹೆಸರು, ತಾಳದ ಹೆಸರು: ಸೌರಾಷ್ಟ್ರ, ತ್ರಿವುಡೆ, ಕಾಂಭೋಜಿ, ಜಂಪೆ, ಭೈರವಿ, ಏಕ. ಇದಕ್ಕಿಂತ ಹೆಚ್ಚಾಗಿ ಒಂದು ಸ್ವರಾಕ್ಷರವೂ ಇಲ್ಲ. ಭಾಮಿನಿ, ವಾರ್ಧಕ, ಕಂದಗಳಿಗೆ ತಾಳದ ಕಟ್ಟೂ ಇಲ್ಲದೆ ರಾಗವನ್ನು ಬೆಳೆಸಿ ಹಾಡುವ ಅವಕಾಶವಿದೆ. ಎತ್ತುಗಡೆ ಹೇಗೆ, ಕಾಲ ವಿಳಂಬವೋ ದ್ರುತವೋ, ಯಾವ ಪಾದವನ್ನು ಎಷ್ಟು ಸಲ ಆವರ್ತಿಸಬೇಕು, ಎಲ್ಲಿ ಚೆಂಡೆಗೆ ಎಡೆಗೊಡಬೇಕು, ಎಲ್ಲಿ ಮದ್ದಳೆಯನ್ನು ಮಾತ್ರ ಉಳಿಸಿಕೊಳ್ಳಬೇಕು ಎಂಬುದೆಲ್ಲ ಜಾಗಟೆಯನ್ನು ಹಿಡಿದವನ ವಿವೇಚನೆಗೆ ಸೇರಿದುದು. ಯಾವ ಪದ್ಯವನ್ನು ಹಾಡಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೂ ಅವನದೇ. ಇಡೀ ರಾತ್ರಿಯ ಆಟವು ಕಾಲಮಿತಿಗೆ ಒಳಪಟ್ಟ ಕಡೆಗಳಲ್ಲಿ ಈ ತೀರ್ಮಾನದ ಭಾರವು ಇಮ್ಮಡಿಯಾಗಿದೆ. ‘ಭಾಗವತನೇ ಒಂದನೆಯ ವೇಷ’ ಎಂಬ ರೂಢಿಯ ನುಡಿಯು ಬರಿಯ ಗೌರವೋಕ್ತಿಯಲ್ಲ. ಬಣ್ಣ ಹಚ್ಚದೆ, ಕಿರೀಟವಿಡದೆ, ಎಲ್ಲ ಪಾತ್ರಗಳಲ್ಲಿಯೂ ಮೊದಲು ಪ್ರವೇಶಿಸುವವನು ಅವನೇ.

ಗಾಯಕರನ್ನು ಶಾರ್ಙ್ಗದೇವನು ಐದು ಬಗೆಯಾಗಿ ವಿಂಗಡಿಸಿರುವನು. ನ್ಯೂನವಿಲ್ಲದೆ ಕಲಿಸಬಲ್ಲವನು ಶಿಕ್ಷಾಕಾರನು. ಪರರ ಭಂಗಿಯನ್ನು ಅನುಸರಿಸುವವನು ಅನುಕಾರನು. ತಾನೇ ರಸದಲ್ಲಿ ಮುಳುಗಿದವನು ರಸಿಕನು. ಕೇಳುವವರನ್ನು ಮೆಚ್ಚಿಸುವವನು ರಂಜಕನು. ಗೀತಕ್ಕೆ ಅತಿಶಯವನ್ನು ತಂದುಕೊಡುವವನು ಭಾವಕನು. ಹಾಡಿನ ಮೂಲಕ ತನ್ನನ್ನು ಪ್ರಕಟಿಸಿಕೊಳ್ಳುವುದೆಂದರೆ ಇಂದಿನವರು ಬಹುಶಃ ರಸಿಕನ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವರು: ತನಗೆ ದುಃಖವಾಗಿದೆ, ಆದುದರಿಂದ ದುಃಖದ ಹಾಡನ್ನು ಹಾಡುವೆನು ಎಂಬಂತೆ. ಭಾವಕನ ಲಕ್ಷಣವು ಬೇರೆ. ಅವನು ಗೀತದಲ್ಲಿ ತನ್ನ ಕಥೆಯನ್ನು ಹೇಳುವುದಿಲ್ಲ. ಗೀತದಲ್ಲಿ ಮೊದಲು ಕಾಣದೆ ಇದ್ದುದನ್ನು ಕಾಣಿಸುತ್ತಾನೆ. ಅವನು ಎಂತಹವನು ಎಂಬುದು ಅವನು ಏನನ್ನು ಕಾಣಿಸಿದನು ಎಂಬುದರಿಂದಲೇ ತಿಳಿಯುತ್ತದೆ.

ವಾಲಿಸುಗ್ರೀವರ ಕಾಳಗದಲ್ಲಿ ಬಾಣ ತಗುಲಿ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವ ಸಂದರ್ಭವನ್ನು ನೋಡಬಹುದು. ಪ್ರಶ್ನೆಯ ಶಬ್ದಗಳು ಪುಸ್ತಕದಲ್ಲಿವೆ. ಅವು ಯಾವ ಭಾಗವತನು ಹಾಡಿದರೂ ಅವೇ. ಒಬ್ಬನು ಅದನ್ನು ಬಿರುಸಾಗಿ ಎತ್ತಿ, ಮೇಲುಸ್ಥಾಯಿಯಲ್ಲಿ ನಿಲ್ಲಿಸಿದರೆ ವಾಲಿಯ ರೋಷವು ಎದ್ದು ನಿಲ್ಲುವುದು. ಇನ್ನೊಬ್ಬನು ಅದೇ ಪದವನ್ನು ಕೆಳಗಿನ ಸ್ವರಗಳಿಂದ ಮೆಲ್ಲನೆ ಎತ್ತಿದರೆ, ಮೋಸಹೋದ ವೀರನ ಅಚ್ಚರಿಯೂ ನೋವೂ ಮುಂದೆ ಬರುವುವು. ಅರ್ಥಧಾರಿಯಾದವನು ಭಾಗವತನ ಈ ನಿರ್ಣಯವನ್ನು ಕಿವಿಗೊಟ್ಟು ಕೇಳಿ, ಆ ಜಾಡಿನಲ್ಲಿಯೇ ತನ್ನ ಮಾತನ್ನು ಹೂಡಬೇಕು. ಹಾಗೆ ಮಾಡದಿದ್ದರೆ ಪದ ಒಂದು ಕಡೆಗೂ ಅರ್ಥ ಒಂದು ಕಡೆಗೂ ಹೋಗುವುದು. ರೋಷವೇ ಮುಖ್ಯವೆಂದು ಒಬ್ಬನಿಗೆ ತೋರಿದುದೂ ನೋವೇ ಮುಖ್ಯವೆಂದು ಮತ್ತೊಬ್ಬನಿಗೆ ತೋರಿದುದೂ ಅವರವರ ಸಂಸ್ಕಾರದಿಂದ. ಒಂದೇ ಕಾವ್ಯಕ್ಕೆ ಇಬ್ಬರು ವ್ಯಾಖ್ಯಾನಕಾರರು ಎರಡು ಬಗೆಯ ಅರ್ಥವನ್ನು ಬರೆದಂತೆಯೇ ಇದು. ವ್ಯತ್ಯಾಸವೇನೆಂದರೆ ಇಲ್ಲಿ ವ್ಯಾಖ್ಯಾನವು ಸ್ವರದಲ್ಲಿದೆ.

ಈ ಮಾತಿಗೆ ಪ್ರಯೋಗದಲ್ಲಿ ದೃಷ್ಟಾಂತಗಳಿಗೆ ಕೊರತೆಯಿಲ್ಲ. ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿದ ಬಲಿಪ ನಾರಾಯಣ ಭಾಗವತರು (೧೯೩೮–೨೦೨೩) ತಮ್ಮದೇ ಹೆಸರಿನ ಅಜ್ಜನಿಂದ ಬಂದ ಸಂಪ್ರದಾಯವನ್ನು ಉಳಿಸಿಕೊಂಡವರು. ಸ್ವತಃ ಅನೇಕ ಪ್ರಸಂಗಗಳನ್ನು ಬರೆದವರು. ದೇವೀಮಹಾತ್ಮೆಯನ್ನು ಐದು ದಿನಗಳ ಆಟವಾಗಿ ವಿಸ್ತರಿಸಿ ರಚಿಸಿದವರು. ಮಾತು ಧಾತುಗಳೆರಡೂ ಒಬ್ಬರಲ್ಲಿಯೇ ಸೇರಿದುದಕ್ಕೆ ಇದು ನಿದರ್ಶನ. ಸುಳ್ಯ ತಾಲೂಕಿನ ಕಲ್ಮಡ್ಕದಲ್ಲಿ ನೆಲಸಿದ್ದು ೨೦೨೧ರಲ್ಲಿ ತೀರಿಕೊಂಡ ಪದ್ಯಾಣ ಗಣಪತಿ ಭಟ್ಟರು ಸುರತ್ಕಲ್ಲು ಮೇಳದಲ್ಲಿ ಬಹುಕಾಲ ಹಾಡಿದವರು. ಇಬ್ಬರ ಪದವನ್ನೂ ಬಲ್ಲ ಕೇಳುಗರಿಗೆ, ಎತ್ತುಗಡೆಯನ್ನು ಕೇಳಿದ ಮಾತ್ರದಿಂದ ಹಾಡುತ್ತಿರುವವರು ಯಾರೆಂಬುದು ತಿಳಿಯುತ್ತಿತ್ತು. ಶಾಸ್ತ್ರೀಯ ಸಂಗೀತದ ಶಿಕ್ಷಣವನ್ನು ಮೊದಲು ಪಡೆದು, ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನದ ಕ್ರಮವನ್ನು ಕಲಿತ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರು. ೨೦೨೪ರಲ್ಲಿ ಅವರೂ ಕಾಲವಾದರು. ಸ್ತ್ರೀಕಂಠದಿಂದ ರಾವಣನ ಪದವು ಹೊರಟಾಗ ಪಾತ್ರಕ್ಕೆ ಕುಂದು ಬರಲಿಲ್ಲ. ಭಾಗವತನ ‘ತಾನು’ ಪಾತ್ರದ ‘ನಾನು’ವಿಗಿಂತ ಭಿನ್ನವೆಂಬುದೂ, ಭಿನ್ನವಾಗಿದ್ದೂ ಅದಕ್ಕೆ ಆಧಾರವಾಗಬಲ್ಲುದೆಂಬುದೂ ಇದರಿಂದ ಸ್ಪಷ್ಟ.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು. ಭಾಗವತನಿಗೆ ಇಷ್ಟು ಸ್ವಾತಂತ್ರ್ಯವನ್ನು ಒಪ್ಪಿದರೆ ಅವನು ಪ್ರಸಂಗವನ್ನು ಬದಿಗಿಟ್ಟು ತನ್ನ ಕಂಠವನ್ನೇ ಮೆರೆಸಲಾರನೆ? ಈ ಭಯವು ನಿರಾಧಾರವಲ್ಲ. ಇತ್ತೀಚಿನ ದಶಕಗಳಲ್ಲಿ ವೇಷವೂ ಅರ್ಥವೂ ಇಲ್ಲದೆ ಪದಗಳನ್ನು ಮಾತ್ರ ಹಾಡುವ ಗಾನವೈಭವಗಳೂ, ಇಬ್ಬರು ಭಾಗವತರು ಎದುರುಬದುರಾಗಿ ಹಾಡುವ ದ್ವಂದ್ವಗಳೂ ಪ್ರಚಾರಕ್ಕೆ ಬಂದಿವೆ. ಇಬ್ಬರು ಕೂಡಿ ಹಾಡುವುದನ್ನು ಶಾರ್ಙ್ಗದೇವನೇ ‘ಯಮಲ’ವೆಂದು ಹೆಸರಿಸಿರುವುದರಿಂದ ಅದು ಸ್ವತಃ ದೋಷವಲ್ಲ. ಪುತ್ತೂರಿನ ಬಾಲವನದಲ್ಲಿ ಬಹುಕಾಲವಿದ್ದ ಶಿವರಾಮ ಕಾರಂತರೂ ತಮ್ಮ ಪ್ರಯೋಗಗಳಲ್ಲಿ ಅರ್ಥವನ್ನು ಕೈಬಿಟ್ಟು, ಪಿಟೀಲು ಸ್ಯಾಕ್ಸೊಫೋನುಗಳನ್ನು ಸೇರಿಸಿ, ಗಾನ ನೃತ್ಯಗಳಿಂದಲೇ ಭಾವವನ್ನು ತುಂಬಲು ಯತ್ನಿಸಿದರು. ಅಳತೆಗೋಲು ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವೇ. ವಾಲಿಯ ನೋವಿಗೆ ಒದಗುವ ಆಲಾಪವು ಎಷ್ಟು ದೀರ್ಘವಾದರೂ ಭಾವಕನದು. ಚಪ್ಪಾಳೆಗೆ ಒದಗುವ ಆಲಾಪವು ಎಷ್ಟು ಮಧುರವಾದರೂ ರಂಜಕನದು. ರಂಜಕನಿಗೂ ಶಾಸ್ತ್ರದಲ್ಲಿ ಸ್ಥಾನವುಂಟು. ಇಬ್ಬರನ್ನೂ ಒಂದೇ ಎಂದು ಎಣಿಸಬಾರದು, ಇಷ್ಟೇ.

ಇದು ಕೇವಲ ಲಕ್ಷಣವಿಚಾರವಲ್ಲವೆಂಬುದಕ್ಕೆ ದಾಸಸಾಹಿತ್ಯವು ಸಾಕ್ಷಿ. ಸಂಪ್ರದಾಯದಂತೆ ೧೫೬೪ರಲ್ಲಿ ಕಾಲವಾದ ಪುರಂದರದಾಸರು ಮಾತು ಧಾತುಗಳೆರಡಕ್ಕೂ ಕರ್ತೃಗಳಾದ ವಾಗ್ಗೇಯಕಾರರು. ಕರ್ಣಾಟಕ ಸಂಗೀತದ ಆರಂಭಪಾಠಗಳನ್ನು ಕಟ್ಟಿದವರೆಂದು ಪರಂಪರೆಯು ಅವರನ್ನು ಗೌರವಿಸುತ್ತದೆ. ಆದರೂ ಇಂದು ಕೇಳಿಬರುವ ಅವರ ಕೀರ್ತನೆಗಳ ವರ್ಣಮಟ್ಟುಗಳು ಬಹುಮಟ್ಟಿಗೆ ಅನಂತರದವರು ಹೊಂದಿಸಿದುವು. ಓಲೆಯಲ್ಲಿ ಬರೆದ ಮಾತು ಉಳಿಯಿತು. ಬಾಯಿಂದ ಬಾಯಿಗೆ ಬರಬೇಕಾಗಿದ್ದ ಧಾತು ನಡುವೆ ಕಡಿಯಿತು. ಅವರು ಕಾಣಿಸಿದುದರಲ್ಲಿ ಅರ್ಧವು ಹೀಗೆ ನಮ್ಮ ಕಿವಿಗೆ ಎಟುಕದೆ ಹೋಯಿತು.

ಯಕ್ಷಗಾನದ ಸ್ಥಿತಿಯು ಇನ್ನೂ ಹಾಗಾಗಿಲ್ಲ. ಪ್ರಸಂಗಗಳು ಅಚ್ಚಾಗಿವೆ, ಮಟ್ಟುಗಳು ಗುರುಮುಖದಿಂದ ಬರುತ್ತಿವೆ, ಧ್ವನಿಮುದ್ರಣಗಳೂ ಇವೆ. ಆದರೆ ಮುದ್ರಣವು ಒಂದು ರಾತ್ರಿಯ ಹಾಡನ್ನು ಕಾಯ್ದಿಡುವುದಲ್ಲದೆ, ಅದೇ ಪದವನ್ನು ಇನ್ನೊಂದು ರಾತ್ರಿ ಬೇರೆಯಾಗಿ ಹಾಡಿದುದರ ಕಾರಣವನ್ನು ಹೇಳಲಾರದು. ೨೦೨೧ರಿಂದ ೨೦೨೪ರ ಒಳಗೆ, ಮೇಲೆ ಹೆಸರಿಸಿದ ಮೂವರ ಕಂಠಗಳೂ ನಿಂತುವು. ಆದುದರಿಂದ ಪ್ರಸಂಗಗಳನ್ನು ಸಂಪಾದಿಸುವವರು ಪಾಠಾಂತರಗಳನ್ನು ಗುರುತಿಸುವಂತೆಯೇ ಗಾನಾಂತರಗಳನ್ನೂ ಗುರುತಿಸುವುದು ಯುಕ್ತ: ಈ ಪದವನ್ನು ಇಂತಹ ಭಾಗವತರು ಇಂತಹ ಮಟ್ಟಿನಲ್ಲಿ, ಇಂತಹ ಕಾಲದಲ್ಲಿ, ಇಂತಹ ಪಾದವನ್ನು ಆವರ್ತಿಸಿ ಹಾಡುತ್ತಿದ್ದರು ಎಂಬುದಾಗಿ. ತರಗತಿಯಲ್ಲಿ ಪಾರ್ತಿಸುಬ್ಬನನ್ನು ಪಾಠಮಾಡುವ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಪದವನ್ನು ಓದಿಸುವ ಮೊದಲು ಅದನ್ನು ಇಬ್ಬರು ಭಾಗವತರ ಕಂಠದಲ್ಲಿ ಕೇಳಿಸುವುದೂ ಉಚಿತ. ಒಂದೇ ವಾಲಿಯು ಒಬ್ಬರಲ್ಲಿ ಗರ್ಜಿಸುವುದನ್ನೂ ಮತ್ತೊಬ್ಬರಲ್ಲಿ ನರಳುವುದನ್ನೂ ಕೇಳಿದ ವಿದ್ಯಾರ್ಥಿಗೆ, ಪುಸ್ತಕದಲ್ಲಿ ಬರೆಯದೆ ಉಳಿದುದು ಎಷ್ಟೆಂಬುದನ್ನು ಬೇರೆಯಾಗಿ ಬೋಧಿಸಬೇಕಾಗುವುದಿಲ್ಲ.