ಹಗಲು ನೌಕರಿ, ರಾತ್ರಿ ಆಲ್ಬಂ ಕೆಲಸ: ಕಣ್ಣಿನ ಉರಿಗೆ ಡ್ರಾಪ್ಸ್ ಸಾಕೇ?

ಕಳೆದ ಮದುವೆ ಸೀಸನ್ನಿನಲ್ಲಿ ಸುಮಾರು ಮೂವತ್ತೆರಡು ವರ್ಷದ ಯುವಕರೊಬ್ಬರು ನನ್ನಲ್ಲಿಗೆ ಬಂದರು. ತುಮಕೂರಿನ ಹೊರವಲಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನೌಕರಿ. ‘ಕಣ್ಣು ಉರಿ ಸಾರ್, ಒಂದು ಡ್ರಾಪ್ಸ್ ಬರೆದುಕೊಡಿ’ ಎಂದರು. ಮೊಣಕೈ ಮೇಲೆ ತರಚಿದ ಗಾಯವಿತ್ತು. ಕೇಳಿದ್ದಕ್ಕೆ, ‘ಬೈಕಿನಿಂದ ಬಿದ್ದೆ, ದೊಡ್ಡದೇನಿಲ್ಲ’ ಎಂದರು. ಜೊತೆಗೆ ಬಂದಿದ್ದ ಪತ್ನಿ ಸುಮ್ಮನಿರಲಿಲ್ಲ. ‘ಎದುರಿಗೆ ಒಂದು ಗಾಡಿಯೂ ಇರಲಿಲ್ಲವಂತೆ ಡಾಕ್ಟ್ರೇ. ಬೆಳಿಗ್ಗೆ ಎಂಟು ಗಂಟೆಗೆ ಖಾಲಿ ರಸ್ತೆಯಲ್ಲಿ ಬಿದ್ದಿದ್ದಾರೆ. ರಾತ್ರಿ ಎರಡಕ್ಕೆ ಮುಂಚೆ ಮಲಗಿದ್ದನ್ನೇ ನಾನು ನೋಡಿಲ್ಲ!’

ಆಗ ವಿಷಯ ಹೊರಬಿತ್ತು. ಊಟವಾದ ಮೇಲೆ ಇವರು ಕಂಪ್ಯೂಟರ್ ಮುಂದೆ ಕುಳಿತು ಎರಡು ಸ್ಟುಡಿಯೋಗಳಿಗೆ ಮದುವೆ ಫೋಟೋಗಳನ್ನು ತಿದ್ದಿಕೊಡುತ್ತಾರೆ. ಒಂದು ಮದುವೆಗೆ ಎರಡು ಮೂರು ಸಾವಿರ ಚಿತ್ರಗಳು. ಅವುಗಳಲ್ಲಿ ಒಳ್ಳೆಯದನ್ನು ಆರಿಸಿ, ಬಣ್ಣ ಸರಿಪಡಿಸಿ, ಮುಖದ ಕಲೆ ತೆಗೆದು, ಆಲ್ಬಂ ಜೋಡಿಸಬೇಕು. ಆಷಾಢ ಬರುವವರೆಗೆ ಬಿಡುವಿಲ್ಲ. ಮನೆ ಸಾಲದ ಕಂತು ಈ ಹಣದಿಂದಲೇ ಸಾಗುತ್ತಿತ್ತು.

ಸಂಬಳದ ಜೊತೆಗೆ ಹೀಗೆ ನಾಲ್ಕು ಕಾಸು ಸಂಪಾದಿಸುವುದನ್ನು ತಪ್ಪೆನ್ನಲಾರೆ. ಆದರೆ ಆ ನಾಲ್ಕು ಗಂಟೆಗಳನ್ನು ನೀವು ಎಲ್ಲಿಂದ ತರುತ್ತಿದ್ದೀರಿ ಎಂಬ ಪ್ರಶ್ನೆಯನ್ನು ಮಾತ್ರ ವೈದ್ಯನಾಗಿ ಕೇಳಲೇಬೇಕು.

ಕಣ್ಣು ಉರಿಯುವುದೇಕೆ?

ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪ್ರತಿ ಸಲವೂ ಕಣ್ಣೀರಿನ ತೆಳು ಪದರವೊಂದು ಕಣ್ಣಿನ ಮೇಲೆ ಹರಡುತ್ತದೆ. ಪರದೆಯ ಮೇಲಿನ ಸಣ್ಣ ವಿವರವನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಪದರ ಒಣಗಿ ಉರಿ, ಕೆಂಪು, ಮಸುಕು ಶುರುವಾಗುತ್ತದೆ. ನೆತ್ತಿಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಇನ್ನಷ್ಟು. ಹತ್ತಿರದ ವಸ್ತುವನ್ನೇ ನೋಡುತ್ತಿರಲು ಕಣ್ಣಿನೊಳಗಿನ ಸ್ನಾಯು ಸತತವಾಗಿ ಬಿಗಿಯಾಗಿರಬೇಕು. ಆದ್ದರಿಂದ ಹಣೆನೋವೂ ಬರುತ್ತದೆ.

ಇದರಿಂದ ದೃಷ್ಟಿ ಹೋಗುವುದಿಲ್ಲ. ಅಪಾಯ ಇರುವುದು ಅಂಗಡಿಯಲ್ಲಿ ಕೇಳಿ ತಂದು ಹಾಕಿಕೊಳ್ಳುವ ಡ್ರಾಪ್ಸ್‌ನಲ್ಲಿ. ಕೆಲವು ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಉರಿ ಬೇಗ ಇಳಿಯುವುದರಿಂದ ಜನ ಅದನ್ನೇ ತಿಂಗಳುಗಟ್ಟಲೆ ಬಳಸುತ್ತಾರೆ. ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಜೊತೆಗೆ ಪೊರೆ ಬರಲು ಇದು ಕಾರಣವಾಗಬಹುದು.

ಕೈ ಹೇಳುವ ಮಾತು

ಮೌಸ್ ಹಿಡಿದ ಕೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದೆಯೇ? ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾಯುವ ನರ ಒತ್ತಡಕ್ಕೆ ಸಿಕ್ಕಿರಬಹುದು. ಕಿರುಬೆರಳು ಜೋಮು ಹಿಡಿದರೆ ಕಾರಣ ಹೆಚ್ಚಾಗಿ ಮೊಣಕೈಯಲ್ಲಿರುತ್ತದೆ. ಮೊಣಕೈಯನ್ನು ಮೇಜಿನ ಅಂಚಿಗೆ ಊರಿ ಕೂರುವವರಲ್ಲಿ ಇದನ್ನು ಕಾಣುತ್ತೇವೆ. ಆರಂಭದಲ್ಲೇ ಕೈಗೆ ವಿಶ್ರಾಂತಿ ಕೊಟ್ಟರೆ ಬಹುತೇಕ ವಾಸಿಯಾಗುತ್ತದೆ. ಹಿಡಿದ ಲೋಟ ಜಾರುವವರೆಗೆ ಕಾಯಬೇಡಿ.

ಅಸಲು ಕಾಯಿಲೆ ನಿದ್ರೆಯದು

ಕಣ್ಣು, ಕೈ ದೂರು ಹೇಳುತ್ತವೆ. ನಿದ್ರೆ ದೂರು ಹೇಳುವುದಿಲ್ಲ, ಅದೇ ತೊಂದರೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕು. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ವಾರ ದಿನಕ್ಕೆ ಆರೇ ಗಂಟೆ ನಿದ್ರಿಸಿದವರ ಚುರುಕುತನ, ಇಡೀ ರಾತ್ರಿ ನಿದ್ರೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ತಾವು ಅಷ್ಟು ಮಂಕಾಗಿದ್ದೇವೆಂದು ಅವರಿಗೇ ಅನ್ನಿಸಿರಲಿಲ್ಲ. ‘ನನಗೆ ಅಭ್ಯಾಸವಾಗಿಬಿಟ್ಟಿದೆ’ ಎನ್ನುವವರು ಇದನ್ನು ಗಮನಿಸಬೇಕು.

ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವರಷ್ಟೇ ಕುಂದುತ್ತದೆಂದು 1997ರಲ್ಲೇ ತೋರಿಸಲಾಗಿದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ. 0.03! ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ಈ ಸ್ಥಿತಿಗೆ ಬಂದಿರುತ್ತಾರೆ. ಸ್ಟುಡಿಯೋದವರಿಗೆ ಪೆನ್‌ಡ್ರೈವ್ ಕೊಡಲು ಆ ಹೊತ್ತಿನಲ್ಲಿ ಗಾಡಿ ತೆಗೆಯುವ ಮುನ್ನ ಯೋಚಿಸಿ.

ನಿದ್ರೆಯ ಸಾಲ ಬೆಳೆದಾಗ ಮಿದುಳು ಕೇಳದೆಯೇ ವಸೂಲಿ ಮಾಡಿಕೊಳ್ಳುತ್ತದೆ. ಕಣ್ಣು ತೆರೆದಿದ್ದರೂ ಎರಡು ಮೂರು ಸೆಕೆಂಡು ಜೋಂಪು ಹತ್ತುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಬೈಕ್ ಮೂರು ಸೆಕೆಂಡಿನಲ್ಲಿ 33 ಮೀಟರ್ ಕ್ರಮಿಸುತ್ತದೆ. ಆ ಯುವಕ ಖಾಲಿ ರಸ್ತೆಯಲ್ಲಿ ಬಿದ್ದದ್ದು ಹೀಗೆಯೇ ಇರಬೇಕು. ರಸ್ತೆ ಖಾಲಿ ಇದ್ದದ್ದು ಅದೃಷ್ಟ.

ನಾನೂ ಇದಕ್ಕೆ ಹೊರತಲ್ಲ. ಹೌಸ್ ಸರ್ಜನ್ ಆಗಿದ್ದಾಗ, ಒಂದೂವರೆ ದಿನದ ಸತತ ಡ್ಯೂಟಿಯ ಕೊನೆಯಲ್ಲಿ ಮಗುವೊಂದಕ್ಕೆ ಔಷಧಿಯ ಪ್ರಮಾಣವನ್ನು ಹತ್ತು ಪಟ್ಟು ಬರೆದಿದ್ದೆ. ಹಿರಿಯ ಸಿಸ್ಟರ್ ಒಬ್ಬರು ಚೀಟಿ ಹಿಡಿದು ವಾಪಸು ಬಂದರು. ಬರೆಯುವಾಗ ನನಗೆ ಕಿಂಚಿತ್ತೂ ಅನುಮಾನ ಬಂದಿರಲಿಲ್ಲ.

ದೀರ್ಘಕಾಲದ ಲೆಕ್ಕವೂ ಇದೆ. ವಾರಕ್ಕೆ 48 ಗಂಟೆ ನೌಕರಿ, ಆರು ರಾತ್ರಿ ನಾಲ್ಕು ಗಂಟೆಯಂತೆ ಫೋಟೋ ಕೆಲಸ, ಒಟ್ಟು 72 ಗಂಟೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಸಂಭವ ಶೇ. 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ತಿಳಿಸಿವೆ.

ಏನು ಮಾಡಬೇಕು?

* ಮೊದಲು ಮಲಗುವ ವೇಳೆ ಗೊತ್ತುಮಾಡಿ. ಉಳಿದ ಹೊತ್ತಿನಲ್ಲಿ ಎಷ್ಟಾಗುತ್ತದೋ ಅಷ್ಟೇ ಕೆಲಸ ಒಪ್ಪಿಕೊಳ್ಳಿ. ‘ನಾಳೆಯೇ ಪ್ರಿಂಟ್‌ಗೆ ಹೋಗಬೇಕು’ ಎನ್ನುವವರಿಗೆ ಎರಡು ದಿನದ ಗಡುವು ಹೇಳಲು ಕಲಿಯಿರಿ.

* ಬಣ್ಣ ತಿದ್ದುವ ಕೆಲಸವನ್ನು ಭಾನುವಾರದ ಹಗಲಿಗೆ ಇಟ್ಟುಕೊಳ್ಳಿ. ಒಂದೇ ಬಣ್ಣವನ್ನು ಬಹಳ ಹೊತ್ತು ನೋಡಿದ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ರಾತ್ರಿ ಸರಿಯೆನಿಸಿದ ವಧುವಿನ ಮುಖ ಬೆಳಿಗ್ಗೆ ಅರಿಸಿನ ಬಳಿದಂತೆ ಕಾಣುವುದು ಇದರಿಂದಲೇ. ರಾತ್ರಿಗೆ ಚಿತ್ರ ಆರಿಸುವಂಥ ಹಗುರ ಕೆಲಸ ಸಾಕು.

* 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಬೇಕೆಂದೇ ರೆಪ್ಪೆ ಬಡಿಯಿರಿ.

* ಪರದೆ ತೋಳಿನಳತೆಯ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಲಿ. ಕೋಣೆಯ ದೀಪ ಆರಿಸಿ ಕೆಲಸ ಮಾಡಬೇಡಿ.

* ಸಂಜೆಯ ನಂತರ ಕಾಫಿ, ಟೀ ಬೇಡ. ಕುಡಿದ ಕೆಫೀನ್‌ನ ಅರ್ಧದಷ್ಟು ಸುಮಾರು ಐದು ಗಂಟೆಯ ಬಳಿಕವೂ ರಕ್ತದಲ್ಲಿರುತ್ತದೆ.

* ನಿದ್ರೆಗೆಟ್ಟ ಮರುದಿನ ಬೈಕ್ ಬಿಟ್ಟು ಬಸ್ಸು ಹಿಡಿಯಿರಿ.

ಎರಡು ವಾರ ಸರಿಯಾಗಿ ನಿದ್ರಿಸಿದರೂ ಉರಿ, ತಲೆನೋವು, ಜೋಮು ಉಳಿದರೆ ವೈದ್ಯರಲ್ಲಿಗೆ ಹೋಗಿ. ಕನ್ನಡಕ, ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಪರೀಕ್ಷಿಸಬೇಕಾದೀತು. ದೃಷ್ಟಿ ಹಠಾತ್ತಾಗಿ ಕುಂದಿದರೆ, ಒಂದು ಕಡೆಯ ಕೈಕಾಲು ಸೋತರೆ ಒಂದು ಗಳಿಗೆಯೂ ಕಾಯಬೇಡಿ.

ಆ ಯುವಕನಿಗೆ ನಾನು ಬರೆದುಕೊಟ್ಟದ್ದು ಕಣ್ಣೀರಿಗೆ ಬದಲಾಗಿ ಹಾಕುವ ಸಾದಾ ಹನಿ, ಮತ್ತು ‘ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರ್ ಬಂದ್’ ಎಂಬ ಒಂದು ಸಾಲು. ಆ ಸಾಲಿನ ಜವಾಬ್ದಾರಿಯನ್ನು ಪತ್ನಿ ವಹಿಸಿಕೊಂಡರು. ತಿಂಗಳ ನಂತರ ಬಂದಾಗ ಕಣ್ಣು ತಿಳಿಯಾಗಿತ್ತು. ಒಂದು ಸ್ಟುಡಿಯೋ ಕೆಲಸ ಬಿಟ್ಟಿದ್ದರು. ‘ಹಣ ಸ್ವಲ್ಪ ಕಡಿಮೆಯಾಯಿತು ಸಾರ್, ಆದರೆ ಆಲ್ಬಂ ವಾಪಸು ಬರುವುದು ನಿಂತಿದೆ’ ಎಂದರು. ಬೈಕಿನ ಬಗ್ಗೆ ನಾನು ಕೇಳುವ ಮೊದಲೇ ಪತ್ನಿ ನಕ್ಕು, ‘ಈಗ ಬಸ್ಸಿನಲ್ಲೇ ಡಾಕ್ಟ್ರೇ’ ಎಂದರು.