ಮನೆಬಾಗಿಲಿಗೆ ಬಂದ ವಿದ್ಯಾಪೀಠ

ವಿದ್ಯೆಗೆ ವಯಸ್ಸಿನ ಕಟ್ಟಿಲ್ಲವೆಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಕಾಲೇಜಿನ ಕಛೇರಿ ಮಾತ್ರ ವಯಸ್ಸನ್ನು ಕೇಳದೆ ಬಿಟ್ಟದ್ದಿಲ್ಲ. ಶುಲ್ಕವನ್ನಂತೂ ಮರೆತದ್ದೇ ಇಲ್ಲ! ಅಂತರ್ಜಾಲದ ಉಚಿತ ಪಾಠಗಳು ಈ ಎರಡೂ ಅಡ್ಡಿಗಳನ್ನು ನಿವಾರಿಸಿವೆ.

ಇದರ ಬೆಲೆ ಕಲಬುರಗಿಯವರಿಗೆ ಇತರರಿಗಿಂತ ತುಸು ಹೆಚ್ಚಾಗಿಯೇ ತಿಳಿದೀತು. ನಿಜಾಮರ ಆಳ್ವಿಕೆಯಲ್ಲಿ ಪದವಿಯ ವ್ಯಾಸಂಗವೆಂದರೆ ಹೈದರಾಬಾದಿನ ದಾರಿ ಹಿಡಿಯಬೇಕಾಗಿತ್ತು. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ಉರ್ದು. ಹೀಗೆ ಇಮ್ಮಡಿ ಹೊರೆ ಹೊತ್ತು ಓದಿದ ತಲೆಮಾರು ಅದು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಜಿಲ್ಲೆ ಕನ್ನಡ ನಾಡನ್ನು ಕೂಡಿಕೊಂಡಿತು. ನಗರಕ್ಕೆ ತನ್ನದೇ ಆದ ವಿಶ್ವವಿದ್ಯಾಲಯ ಲಭಿಸಿದ್ದು 1980ರಲ್ಲಿ. ಅಷ್ಟರಲ್ಲಿ ಸಂಸಾರದ ನೊಗಕ್ಕೆ ಹೆಗಲು ಕೊಟ್ಟವರು, ಲಗ್ನವಾಗಿ ಪುಸ್ತಕಗಳನ್ನು ಅಟ್ಟಕ್ಕೇರಿಸಿದ ಹೆಣ್ಣುಮಕ್ಕಳು ಎಷ್ಟು ಮಂದಿಯೋ!

ಇಂಥವರಿಗೆ ಬಾಗಿಲು ತೆರೆಯುವ ಕಾರ್ಯ ಮೊದಲಾದದ್ದು ದೂರದ ಅಮೆರಿಕೆಯಲ್ಲಿ. ತನ್ನ ಪಾಠಸಾಮಗ್ರಿಯನ್ನು ಜಗತ್ತಿಗೆಲ್ಲ ಉಚಿತವಾಗಿ ಒದಗಿಸುವುದಾಗಿ ಎಂ.ಐ.ಟಿ. ಸಂಸ್ಥೆ 2001ರಲ್ಲಿ ಸಾರಿತು. ನಮ್ಮಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ‘ಎನ್.ಪಿ.ಟಿ.ಇ.ಎಲ್.’ ಯೋಜನೆಯನ್ನು ಕೈಗೊಂಡವು. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ 2017ರ ಜುಲೈಯಲ್ಲಿ ಉದ್ಘಾಟಿತವಾಯಿತು. ಎಂಜಿನಿಯರಿಂಗ್ ಮಾತ್ರವಲ್ಲ, ಇತಿಹಾಸ, ಭಾಷಾವಿಜ್ಞಾನ, ಅರ್ಥಶಾಸ್ತ್ರಗಳೂ ಅಲ್ಲಿ ಉಂಟು.

ಕ್ರಮ ಬಹು ಸರಳ. ವಾರಕ್ಕೊಮ್ಮೆ ಹೊಸ ಉಪನ್ಯಾಸಗಳು ಬರುತ್ತವೆ. ಕೇಳಿದ ಬಳಿಕ ಗೊತ್ತಾದ ದಿನದೊಳಗೆ ಪ್ರಶ್ನೆಗಳಿಗೆ ಉತ್ತರಿಸಬೇಕು. ಎನ್.ಪಿ.ಟಿ.ಇ.ಎಲ್.ನ ಎಂಟು ವಾರಗಳ ಪಾಠದಲ್ಲಿ ಉತ್ತಮವಾದ ಆರು ವಾರಗಳ ಉತ್ತರಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮನೆಗೆ ನೆಂಟರು ಬಂದು ಒಂದೆರಡು ವಾರ ತಪ್ಪಿದರೂ ಭಯವಿಲ್ಲ! ಈ ಉತ್ತರಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಶುಲ್ಕ ತೆರಬೇಕಾದವರು ಪ್ರಮಾಣಪತ್ರ ಬಯಸಿ ಪರೀಕ್ಷೆಗೆ ಕುಳಿತುಕೊಳ್ಳುವವರು ಮಾತ್ರ. ಕಲಿಕೆಯೇ ಸಾಕೆನ್ನುವವರಿಗೆ ಬಿಡಿಕಾಸಿನ ಖರ್ಚೂ ಇಲ್ಲ.

ಕಲಬುರಗಿಯಿಂದ ಹುಮನಾಬಾದಿನತ್ತ ಸಾಗುವ ಹೆದ್ದಾರಿಯ ಮೇಲಿನ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಗೊನೆಗಾಗಿ ವರ್ಷಕ್ಕೂ ಮೀರಿ ಕಾಯುವ ಅಲ್ಲಿನ ಬೆಳೆಗಾರನಿಗೆ ಎಂಟು ವಾರ ದೀರ್ಘವೆನಿಸಲಾರದು. ಕಾನ್ಪುರದ ಐ.ಐ.ಟಿ.ಯು ಕೃಷಿಯ ಪಾಠಗಳನ್ನೂ ಅಂತರ್ಜಾಲದಲ್ಲಿ ನಡೆಸಿದೆ. ಮೊಬೈಲಿನ ಸಂಪರ್ಕ ಕೈಕೊಡುವ ಕಡೆ ‘ಸ್ವಯಂ ಪ್ರಭಾ’ ದೂರದರ್ಶನ ವಾಹಿನಿಗಳುಂಟು. ದಿನಕ್ಕೆ ನಾಲ್ಕು ಗಂಟೆಯ ಹೊಸ ಪಾಠವನ್ನು ಬಿತ್ತರಿಸಿ, ಅದನ್ನೇ ಮತ್ತೆ ಐದು ಸಲ ತೋರಿಸುವುದು ಅವುಗಳ ವ್ಯವಸ್ಥೆ. ಹಗಲೆಲ್ಲ ತೋಟದಲ್ಲಿದ್ದವನು ಇರುಳು ಕೇಳಬಹುದು.

ಉತ್ಸಾಹಕ್ಕೇನೂ ಬರವಿಲ್ಲ, ಬರವಿರುವುದು ಕೊನೆಮುಟ್ಟುವವರಿಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಾಪಕರು 2011ರಲ್ಲಿ ನಡೆಸಿದ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಸುಮಾರು 1,60,000 ಜನ ಹೆಸರು ನೋಂದಾಯಿಸಿದರು. ಪೂರೈಸಿದವರು ಇಪ್ಪತ್ತು ಸಾವಿರದ ಮೇಲೆ ಕೆಲವರು. ಹಣ ಕೊಡದ ವಸ್ತುವನ್ನು ಅರ್ಧಕ್ಕೆ ಬಿಡುವುದು ಮನುಷ್ಯಸ್ವಭಾವವೇ ಇರಬೇಕು.

ಕಲಬುರಗಿಯ ಕಲಿಗರಿಗಾದರೋ ಇನ್ನೊಂದು ತೊಡಕುಂಟು. ಅದು ಹಳೆಯ ತೊಡಕೇ. ಅಂದು ಉರ್ದು ಇದ್ದೆಡೆಯಲ್ಲಿ ಇಂದು ಇಂಗ್ಲಿಷ್ ಕುಳಿತಿದೆ. ವಿಷಯವನ್ನು ಗ್ರಹಿಸುವ ಬುದ್ಧಿಯಿದ್ದೂ ಭಾಷೆಯ ಹೊಸ್ತಿಲಲ್ಲೇ ಹಿಂದಿರುಗುವವರನ್ನು ಸೋಮಾರಿಗಳೆನ್ನುವುದು ನ್ಯಾಯವಲ್ಲ. ಎನ್.ಪಿ.ಟಿ.ಇ.ಎಲ್. ತನ್ನ ಹಲವು ಉಪನ್ಯಾಸಗಳ ಬರಹರೂಪವನ್ನು ಕನ್ನಡಕ್ಕೂ ಅನುವಾದಿಸಿದೆ. ಇಂಗ್ಲಿಷ್ ಉಪನ್ಯಾಸವನ್ನು ಕೇಳುತ್ತ, ಮಗ್ಗುಲಲ್ಲಿ ಕನ್ನಡ ಪಾಠವನ್ನಿರಿಸಿಕೊಂಡು ಓದಿದರೆ ದಾರಿ ಬಹಳಷ್ಟು ಸುಗಮವಾಗುತ್ತದೆ. ಹೊಸ ಪಾಠಗಳು ಸಾಮಾನ್ಯವಾಗಿ ಜನವರಿಯಲ್ಲಿ ಮತ್ತು ಜುಲೈಯಲ್ಲಿ ಆರಂಭವಾಗುತ್ತವೆ.