ಬಿಸಿಲಿನಿಂದ ವಿದ್ಯುತ್ತು: ಕಾಯಬೇಕೆ, ಕೊಳ್ಳಬೇಕೆ?

ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ನೀರಿಗೆ ಬರವುಂಟು, ಬಿಸಿಲಿಗಿಲ್ಲ. ಕೊಳವೆಬಾವಿಗೆ ಸೋಲಾರ್ ಪಂಪು ಹಾಕಿಸಬೇಕೆಂದಿರುವವರು ಮೊದಲು ಕೇಳುವುದು, "ಈಗಲೇ ಕೊಳ್ಳಲೋ, ಇನ್ನೂ ಒಳ್ಳೆಯದು ಬರುವತನಕ ಕಾಯಲೋ?" ಎಂದು. ಉತ್ತರಕ್ಕಾಗಿ ರಸಾಯನಶಾಸ್ತ್ರದ ಪ್ರಯೋಗಶಾಲೆಯೊಳಗೆ ತುಸು ಇಣಿಕಿ ನೋಡಬೇಕಾಗುತ್ತದೆ.

ನಡುಹಗಲ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1000 ವ್ಯಾಟ್ ಶಕ್ತಿಯನ್ನು ಸುರಿಯುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರ ಸಿಲಿಕಾನ್ ಕೋಶವು ಅದರಲ್ಲಿ ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸಿತು. ಇಂದಿನ ಪ್ಯಾನೆಲುಗಳು ಶೇಕಡಾ 20ರಷ್ಟು ಕೊಡುತ್ತವೆ. 5 ಕುದುರೆ ಶಕ್ತಿಯ ಪಂಪಿಗೆ ಸುಮಾರು 4800 ವ್ಯಾಟಿನ ಪ್ಯಾನೆಲು ಬೇಕಷ್ಟೆ. ಈ ಲೆಕ್ಕದಲ್ಲಿ ಅದು 24 ಚದರ ಮೀಟರು, ಎಂದರೆ ಅರ್ಧ ಸೆಂಟಿಗಿಂತ ಕೊಂಚ ಹೆಚ್ಚು. ಶೇಕಡಾ 30 ಸಿಕ್ಕುವುದಾದರೆ 16 ಚದರ ಮೀಟರೇ ಸಾಕು.

ಆದರೆ ಸಿಲಿಕಾನ್ ಒಂದರಿಂದಲೇ ಸುಮಾರು 29ರ ಆಚೆಗೆ ಹೋಗಲಾಗದು. ನೀಲಿ ಬೆಳಕಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಕಾವಾಗಿ ಪೋಲಾಗುತ್ತದೆ. ಆದುದರಿಂದಲೇ ರಸಾಯನಜ್ಞರು ಪೆರೋವ್‌ಸ್ಕೈಟ್ ಎಂಬ ಹರಳಿನ ಬೆನ್ನು ಹತ್ತಿದ್ದಾರೆ. (ಈ ಹೆಸರಿನ ಮೂಲ ಖನಿಜ ಯೂರಲ್ ಬೆಟ್ಟಗಳಲ್ಲಿ ದೊರೆತದ್ದು 1839ರಲ್ಲಿ. ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಬೆಕ್ವೆರೆಲ್ ಕಂಡದ್ದೂ ಅದೇ ವರುಷ!) ಸೀಸ, ಅಯೋಡಿನ್ ಮತ್ತು ಒಂದು ಸಾವಯವ ಲವಣ ಸೇರಿದ ದ್ರಾವಣವನ್ನು ತಿರುಗುವ ಗಾಜಿನ ಮೇಲೆ ಹನಿಸಿ ಹದವಾಗಿ ಕಾಯಿಸಿದರೆ ತೆಳುಪದರ ಕೂರುತ್ತದೆ, ಸಿಲಿಕಾನಿಗೆ ಬೇಕಾದ ಕುಲುಮೆ ಇದಕ್ಕೆ ಬೇಡ. 2009ರಲ್ಲಿ ಜಪಾನಿನ ಮಿಯಾಸಾಕರ ತಂಡಕ್ಕೆ ದೊರೆತದ್ದು ಶೇಕಡಾ 3.8, ಈಗ ಪ್ರಯೋಗಶಾಲೆಗಳಲ್ಲಿ 26 ದಾಟಿದೆ. ಸಿಲಿಕಾನಿನ ಮೇಲೆ ಇದನ್ನು ಹೊದಿಸಿದ ಜೋಡಿ ಕೋಶವು 33ನ್ನೂ ಮೀರಿದೆ.

ಇದು ಪರದೇಶದ ಮಾತು ಮಾತ್ರವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಸಿ. ಎನ್. ಆರ್. ರಾವ್ ಅವರು ಕಟ್ಟಿದ ಘನಸ್ಥಿತಿ ರಸಾಯನ ವಿಭಾಗದಲ್ಲಿಯೂ, ಜಕ್ಕೂರಿನ ನೆಹರೂ ಕೇಂದ್ರದಲ್ಲಿಯೂ ಬೆಳಕು ಹೀರುವ ಹೊಸ ವಸ್ತುಗಳ ಶೋಧನೆ ನಡೆದಿದೆ. ರಸಾಯನ ಓದುವ ನಮ್ಮೂರ ಮಕ್ಕಳಿಗೆ ಅದು ಎರಡು ಗಂಟೆಯ ಬಸ್ಸಿನ ದಾರಿ.

ಹಾಗಾದರೆ ಕಾಯೋಣವೆ? ಬೇಡವೆಂದೇ ನನ್ನ ಅಭಿಪ್ರಾಯ. ಈ ಹರಳಿಗೆ ತೇವವೂ ಆಗದು, ಬಹುಕಾಲದ ಕಾವೂ ಆಗದು. ಸಿಲಿಕಾನ್ ಪ್ಯಾನೆಲಾದರೋ 25 ವರುಷ ಬಾಳುತ್ತದೆ. ಅದಕ್ಕೂ ಕಾವಿನ ಬಾಧೆ ಇಲ್ಲದಿಲ್ಲ: 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.4ರಷ್ಟು ಕುಂದುತ್ತದೆ. ಪ್ಯಾನೆಲಿನ ಮೈ 60 ಡಿಗ್ರಿಗೆ ಕಾದರೆ ಶೇಕಡಾ 14 ಹೋಯಿತೆನ್ನಿ. ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ ನಿಲ್ಲಿಸಿರಿ. ಧೂಳನ್ನು ಬಿಸಿಲೇರುವ ಮುನ್ನವೇ ತೊಳೆಯಿರಿ.

ಒಕ್ಕಲಿಗನಾಗಿ ನನಗಿರುವ ದೊಡ್ಡ ಅಂಜಿಕೆ ಸೀಸದ್ದು. ಹೊಸ ಪ್ಯಾನೆಲು ಆಲಿಕಲ್ಲಿಗೆ ಒಡೆದರೆ ಮಳೆನೀರಿನೊಡನೆ ಸೀಸವು ರಾಗಿಯ ಹೊಲಕ್ಕೆ ಇಳಿಯಬಹುದು. ಅದನ್ನು ಹಿಡಿದಿಡುವ ಲೇಪಗಳನ್ನೂ, ಸೀಸದ ಬದಲು ತವರವನ್ನೂ ಪರೀಕ್ಷಿಸುತ್ತಿದ್ದಾರೆ. ತವರದ ಕೋಶಗಳು ಸದ್ಯಕ್ಕೆ ಬಹಳ ಹಿಂದೆ ಇವೆ.